ಓಲೆಗರಿ ಓದಿದ ವಕೀಲರು: ಡಾ. ಫ.ಗು. ಹಳಕಟ್ಟಿ



ಇಂದು ಉದ್ದನಪಲ್ಲಿಯ ಯಾವುದೇ ಭಕ್ತರು ವಚನಗಳ ಪುಸ್ತಕವನ್ನು ಕೊಂಡು ತಂದು ಮನೆಯಲ್ಲಿ ಓದಬಹುದು. ನೂರಿಪ್ಪತ್ತು ವರ್ಷಗಳ ಹಿಂದೆ ಈ ಅನುಕೂಲವಿರಲಿಲ್ಲ. ಅದು ನಮಗೆ ದೊರೆತುದರ ಹಿಂದೆ ಒಬ್ಬ ಮಹನೀಯರ ಜೀವಮಾನದ ಓದು ಇದೆ. ಅವರೇ ವಚನ ಪಿತಾಮಹರೆಂದು ಪ್ರಸಿದ್ಧರಾದ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಓದುವುದು ಹೇಗೆಂಬುದನ್ನು ನಮ್ಮ ಮಕ್ಕಳು ಅವರಿಂದ ಕಲಿಯಬೇಕೆಂಬ ಆಶಯದಿಂದ ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಕೊಡುತ್ತಿದ್ದೇವೆ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಅವರದು ನೇಕಾರರ ಮನೆತನ. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಮರಾಠಿ ಮತ್ತು ಇಂಗ್ಲಿಷಿನ ಪ್ರಾಬಲ್ಯ ಹೆಚ್ಚು. ಕನ್ನಡಕ್ಕೆ ಮನ್ನಣೆ ಕಡಿಮೆ. ಗಡಿಯಲ್ಲಿರುವ ನಮಗೆ ಆ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದರೂ ಅವರು 1896ರಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿ 1901ರಲ್ಲಿ ಬಿ.ಎ., 1904ರಲ್ಲಿ ಕಾನೂನು ಪದವಿ ಪಡೆದರು. ಬೆಳಗಾವಿಯಲ್ಲಿಯೂ ನಂತರ ಆಗಿನ ವಿಜಾಪುರದಲ್ಲಿಯೂ ವಕೀಲಿ ಮಾಡಿದರು.

ಪದವಿ ಬಂದ ಮೇಲೆ ಪುಸ್ತಕ ಮುಚ್ಚಿಡುವುದು ಲೋಕರೂಢಿ. ಹಳಕಟ್ಟಿಯವರ ನಿಜವಾದ ಓದು ಶುರುವಾದುದು ಆಮೇಲೆ. ರಬಕವಿ ಬನಹಟ್ಟಿಯ ಒಂದು ಮನೆಯಲ್ಲಿ ತಾಡೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಇಂತಹ ಕಟ್ಟುಗಳನ್ನು ಎಷ್ಟೋ ಮನೆಗಳಲ್ಲಿ ದೇವರ ಕೋಣೆಯಲ್ಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಸುಮಾರು ಸಾವಿರ ಕಟ್ಟುಗಳನ್ನು ಸಂಗ್ರಹಿಸಿದರು. ಓಲೆಗರಿಯಲ್ಲಿ ಪದಗಳ ನಡುವೆ ಅಂತರವಿಲ್ಲ, ವಾಕ್ಯಕ್ಕೆ ಪೂರ್ಣವಿರಾಮವಿಲ್ಲ, ಅಕ್ಷರಗಳೂ ಹಳೆಯ ರೂಪದವು. ಕಾಲೇಜಿನಲ್ಲಿ ಯಾರೂ ಕಲಿಸದ ಈ ವಿದ್ಯೆಯನ್ನು ಅವರು ಸ್ವಪ್ರಯತ್ನದಿಂದ ಸಾಧಿಸಿದರು.

ಓಲೆಯಲ್ಲಿದ್ದುದನ್ನು ಕಾಗದಕ್ಕೆ ನಕಲು ಮಾಡುವುದು, ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ತಪ್ಪು ತಿದ್ದುವುದು, ಬಳಿಕ ವಚನಗಳನ್ನು ವಿಷಯವಾರು ವಿಂಗಡಿಸುವುದು, ಇದು ಕೆಲಸದ ಕ್ರಮ. ಇದರ ಫಲವಾಗಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಕೈಕೆಳಗೆ ಮುದ್ರಣಾಲಯವಿಲ್ಲದೆ ಕೆಲಸ ಸಾಗದೆಂದು ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೊದಲು ಸುಮಾರು ಐವತ್ತು ವಚನಕಾರರ ಹೆಸರು ಮಾತ್ರ ತಿಳಿದಿತ್ತು; ಇವರ ದುಡಿಮೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ಬಿ.ಎಲ್.ಡಿ.ಇ. ಸಂಸ್ಥೆ, ಸಿದ್ಧೇಶ್ವರ ಬ್ಯಾಂಕು ಮೊದಲಾದ ಜನೋಪಯೋಗಿ ಸಂಸ್ಥೆಗಳಿಗೂ ದುಡಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಹಣ ಕೂಡಿಡದೆ, ಹರಿದ ಕೋಟು ತೊಟ್ಟು, ಸೈಕಲ್ ತುಳಿದು ಬಾಳಿದ ಈ ಶರಣಜೀವಿ 1964ರ ಜೂನ್ 29ರಂದು ಲಿಂಗೈಕ್ಯರಾದರು.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮುಂದಿನ ಓದಿಗೆ ಇಂಗ್ಲಿಷು. 2006ರ ಕಾಯ್ದೆಯಿಂದ ಒಂದನೇ ತರಗತಿಯಿಂದಲೇ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ಮೂರು ಭಾಷೆ ಹೊರುವ ಮಗುವಿಗೆ ಕ್ರಮವಿಲ್ಲದ ಓದು ಸಾಲದು. ಹಳಕಟ್ಟಿಯವರ ಕ್ರಮವನ್ನೇ ಮಕ್ಕಳಿಗೆ ಹೇಳಿಕೊಡಬಹುದು. ಓದಿದ್ದನ್ನು ಅದೇ ದಿನ ಸ್ವಂತ ಕೈಯಿಂದ ಬರೆಯಬೇಕು. ಬರೆದದ್ದನ್ನು ಪಠ್ಯದೊಡನೆ ಹೋಲಿಸಿ ತಾನೇ ತಿದ್ದಬೇಕು. ಒಂದು ವಿಷಯಕ್ಕೆ ಸೇರಿದ್ದನ್ನೆಲ್ಲ ಒಂದೆಡೆ ಬರೆದಿಟ್ಟು ವಾರಕ್ಕೊಮ್ಮೆ ತಿರುವಿ ಹಾಕಬೇಕು.

ವ್ಯಾಪಾರಸ್ಥರಿಗೆ ಇದು ಹೊಸದಲ್ಲ. ದಿನದಿನದ ಕಿರ್ದಿ ಬರೆಯದೆ ವರ್ಷದ ಕೊನೆಗೆ ಲೆಕ್ಕ ಕೂಡಿಸಲು ಕುಳಿತವರ ಪಾಡು ನಮಗೆ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗನ ಪಾಡೂ ಅದೇ. ರೈತ ಬಂಧುಗಳೂ ಬಲ್ಲರು: ರಾಗಿಗೆ ಸಕಾಲದಲ್ಲಿ ಕಳೆ ತೆಗೆಯದೆ ಸುಗ್ಗಿಯಲ್ಲಿ ಕೊರಗಿ ಫಲವಿಲ್ಲ.

ತಾಯಿತಂದೆಗಳ ಪಾಲೂ ಇದರಲ್ಲಿದೆ. ರಾಯಕೋಟೆಗೆ ಟೊಮೇಟೊ ಸಾಗಿಸುವ ದಿನ ಮಗನನ್ನು ಶಾಲೆ ಬಿಡಿಸಬೇಡಿ. ಸಂಜೆ ಲಿಂಗಪೂಜೆಯ ನಂತರ ಒಂದು ಗಂಟೆ ಟಿ.ವಿ., ಮೊಬೈಲು ಎರಡನ್ನೂ ನಿಲ್ಲಿಸಿ, ಮಗಳಿಗೂ ಮಗನಿಗೂ ಸಮನಾಗಿ ಓದಲು ಬಿಡಿ. ಆ ಗಂಟೆಯ ಕೊನೆಗೆ ಒಂದು ವಚನವನ್ನು ಕನ್ನಡದಲ್ಲಿ ಓದಿಸಿ, ಬರೆಯಿಸಿ. ಶಾಲೆ ಕನ್ನಡ ಕಲಿಸದಿದ್ದರೂ ಮನೆ ಕಲಿಸಬಲ್ಲದು.

ಹಾಗೆ ಮಾಡದಿದ್ದರೆ, ಹಳಕಟ್ಟಿಯವರು ಬಿಚ್ಚಿ ಓದಿದ ವಚನಗಳು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಬಿಚ್ಚದ ಕಟ್ಟುಗಳಾಗಿ ದೇವರ ಕೋಣೆ ಸೇರುತ್ತವೆ. ಪುಸ್ತಕಕ್ಕೆ ವಿಭೂತಿ ಹಚ್ಚುವುದು ಭಕ್ತಿ. ಅದನ್ನು ತೆರೆದು ಓದುವುದು ಕಾಯಕ. ಭಕ್ತಿಯ ಜೊತೆಗೆ ಈ ಕಾಯಕವೂ ನಮ್ಮ ಮನೆಮನೆಗಳಲ್ಲಿ ನಡೆಯಲೆಂದು ಹಾರೈಸುತ್ತೇವೆ.