ಹೊಗೆಯಿಂದ ಶಕ್ತಿ ಹೆಕ್ಕಿದ ಆಲ್ಫ್ರೆಡ್ ಬ್ಯೂಖಿ

ಶಹಾಬಾದ: ವಾಡಿ ಜಂಕ್ಷನ್ ಹಾಗೂ ಶಹಾಬಾದ ಮಾರ್ಗದಲ್ಲಿ ಕಲ್ಲು, ಸಿಮೆಂಟ್ ಹೇರಿದ ಗೂಡ್ಸ್ ರೈಲುಗಳನ್ನು ದಶಕಗಳ ಕಾಲ ಎಳೆದದ್ದು ಡೀಸೆಲ್ ಎಂಜಿನ್‌ಗಳು. ಅವು ಹೊರಡುವಾಗ ಕೇಳಿಬರುತ್ತಿದ್ದ, ಏರುತ್ತ ಹೋಗುವ ಶಿಳ್ಳೆಯಂತಹ ಸದ್ದು ಹಳಬರಿಗೆ ನೆನಪಿರಬಹುದು. ಅದು ಟರ್ಬೊಚಾರ್ಜರಿನ ಸದ್ದು. 1962ರಲ್ಲಿ ಅಮೆರಿಕದಿಂದ ಬಂದು, ಬಳಿಕ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2 ಎಂಜಿನ್ 2,600 ಅಶ್ವಶಕ್ತಿ ನೀಡುತ್ತಿದ್ದುದು ಅದರ ಬಲದಿಂದಲೇ. ಈ ಸಾಧನದ ಜನಕ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ.

ಬ್ಯೂಖಿ ಜನಿಸಿದ್ದು 1879ರ ಜುಲೈ 11ರಂದು, ವಿಂಟರ್‌ಥೂರ್ ಪಟ್ಟಣದಲ್ಲಿ. ತಂದೆ ಅಲ್ಲಿನ ಹೆಸರಾಂತ ಸುಲ್ಜರ್ ಯಂತ್ರ ಕಾರ್ಖಾನೆಯಲ್ಲಿ ಹಿರಿಯ ಅಧಿಕಾರಿ. ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಮಗ ಬೆಲ್ಜಿಯಂ ಮತ್ತು ಇಂಗ್ಲೆಂಡ್‌ಗಳಲ್ಲಿ ದುಡಿದ. ಅವನನ್ನು ಕಾಡಿದ ಸಂಗತಿ ಒಂದೇ. ಇಂಧನ ಉರಿದು ಹುಟ್ಟಿದ ಶಕ್ತಿಯ ದೊಡ್ಡ ಪಾಲು ಬಿಸಿ ಹೊಗೆಯಾಗಿ ಕೊಳವೆಯಿಂದ ಹೊರಬಿದ್ದು ವ್ಯರ್ಥವಾಗುತ್ತಿತ್ತು. ಆ ಹೊಗೆಯಿಂದಲೇ ಒಂದು ಟರ್ಬೈನ್ ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ ಹೆಚ್ಚು ಇಂಧನವನ್ನು ಉರಿಸಬಹುದು, ಎಂಜಿನ್ನಿನ ಗಾತ್ರ ಹಿಗ್ಗಿಸದೆಯೇ ಬಲ ಹೆಚ್ಚಿಸಬಹುದು ಎಂಬುದು ಅವನ ಲೆಕ್ಕ. 1905ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದಾಗ ವಯಸ್ಸು 26.

ಕಾಗದದ ಮೇಲಿನ ಲೆಕ್ಕ ಕಬ್ಬಿಣದಲ್ಲಿ ಮೂಡಲು ಇಪ್ಪತ್ತು ವರ್ಷ ಹಿಡಿಯಿತು. ಸುಲ್ಜರ್‌ಗೆ ಮರಳಿ 1911ರಿಂದ ಪ್ರಯೋಗಕ್ಕೆ ಇಳಿದ ಬ್ಯೂಖಿಗೆ ಸೋಲುಗಳೇ ಎದುರಾದವು. ಹೊಗೆಯ ಕಾವನ್ನು ಸಹಿಸುವ ಲೋಹಗಳು ಆಗ ಇರಲಿಲ್ಲ. 1915ರ ಮಾದರಿಗೆ ಗಾಳಿಯ ಒತ್ತಡವನ್ನು ಸ್ಥಿರವಾಗಿ ಉಳಿಸಿಕೊಳ್ಳಲು ಆಗಲಿಲ್ಲ. ಸಹಕಾರ ಬೇಡಿ ಬ್ರೌನ್ ಬೊವೆರಿ ಕಂಪನಿಯ ಬಾಗಿಲು ತಟ್ಟಿದರೂ ಮೊದಲಿಗೆ ನಿರಾಸೆಯೇ ದೊರೆಯಿತು. ಇಷ್ಟರಲ್ಲಿ ವಿಮಾನಗಳಿಗಾಗಿ ಫ್ರಾನ್ಸ್‌ನ ರಾತೊ, ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಇದೇ ಹಾದಿ ಹಿಡಿದಿದ್ದರು. ಹಿಂದೆ ಬಿದ್ದಂತೆ ಕಂಡರೂ ಬ್ಯೂಖಿ ಕೈಬಿಡಲಿಲ್ಲ.

1925ರಲ್ಲಿ ಫಲ ಕೈಗೂಡಿತು. ಪ್ರತಿ ಸಿಲಿಂಡರಿನಿಂದ ಹೊರಬೀಳುವ ಹೊಗೆಯ ಬಡಿತವನ್ನೇ ಬಳಸಿಕೊಳ್ಳುವ, ಕಿರಿದಾದ ಪ್ರತ್ಯೇಕ ಕೊಳವೆಗಳ ವಿಧಾನದಿಂದ ಎಂಜಿನ್ನಿನ ಬಲ ಶೇ 40ಕ್ಕೂ ಹೆಚ್ಚು ಏರಿತು. ಆ ದಶಕದಲ್ಲೇ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಎಂಜಿನ್‌ಗಳು 1,750 ಅಶ್ವಶಕ್ತಿಯಿಂದ 2,500ಕ್ಕೆ ಜಿಗಿದವು. ಹಿಂದೆ ಹಿಂಜರಿದಿದ್ದ ಬ್ರೌನ್ ಬೊವೆರಿಯೇ ಪಾಲುದಾರನಾಯಿತು! 1938ರಲ್ಲಿ ಲಾರಿಗೂ ಟರ್ಬೊ ಬಂತು. ಅದೇ ವರ್ಷ ತಾನು ಕಲಿತ ಸಂಸ್ಥೆ ಬ್ಯೂಖಿಗೆ ಗೌರವ ಡಾಕ್ಟರೇಟ್ ನೀಡಿತು. 1959ರ ಅಕ್ಟೋಬರ್ 27ರಂದು ಆತ ವಿಂಟರ್‌ಥೂರ್‌ನಲ್ಲಿಯೇ ನಿಧನನಾದ. ಟರ್ಬೊ ಹೊತ್ತ ಕಾರುಗಳು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಟರ್ಬೊ ಇಲ್ಲದ ಕಾರಿಗೆ ಟರ್ಬೊ ಎಂಜಿನ್ ಕೂಡಿಸುವ ಗೀಳು ಇಂದು ವಾಹನಪ್ರಿಯರಲ್ಲಿ ಸಾಮಾನ್ಯ. ಸಾದಾ ಪೆಟ್ರೋಲ್ ಎಂಜಿನ್ನಿಗೆ ಬರಿದೆ ಟರ್ಬೊ ಬಿಗಿದರೆ ಇಂಧನ ಅಕಾಲದಲ್ಲಿ ಹೊತ್ತಿ ಪಿಸ್ಟನ್ ಒಡೆಯುವ ಅಪಾಯವಿದೆ. ಕಡಿಮೆ ಸಂಪೀಡನದ, ಗಟ್ಟಿ ಪಿಸ್ಟನ್ನಿನ ಇಡೀ ಎಂಜಿನ್ನನ್ನೇ ಬದಲಿಸುವುದು ಲೇಸು. ಆಗ ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕ್‌ಗಳೂ ಹೊಸ ಬಲಕ್ಕೆ ತಕ್ಕಂತಿರಬೇಕು.

ನಾಲ್ಕು ಚಕ್ರಗಳಿಗೂ ಬಲ ಹಂಚುವ ಕಾರಿಗೆ ಇದನ್ನು ಯಶಸ್ವಿಯಾಗಿ ಅಳವಡಿಸಿ ತೋರಿಸಿದ್ದು ಜರ್ಮನಿಯ ಔಡಿ. ಫಿನ್‌ಲೆಂಡಿನ ಹಿಮದಲ್ಲಿ 75 ಅಶ್ವಶಕ್ತಿಯ ಇಲ್ಟಿಸ್ ಎಂಬ ಸೇನಾ ಜೀಪು, ತನಗಿಂತ ಬಲಶಾಲಿಯಾದ ಕಾರುಗಳನ್ನು ಹಿಂದಿಕ್ಕಿದ್ದನ್ನು ಯೋರ್ಗ್ ಬೆನ್‌ಸಿಂಗರ್ ಎಂಬ ಎಂಜಿನಿಯರ್ ಗಮನಿಸಿದ. 1977ರಲ್ಲಿ ಔಡಿ 80ರ ಮೈಗೆ ಇಲ್ಟಿಸ್‌ನ ಚಾಲನಾ ವ್ಯವಸ್ಥೆಯನ್ನೂ, ಐದು ಸಿಲಿಂಡರಿನ 160 ಅಶ್ವಶಕ್ತಿಯ ಟರ್ಬೊ ಎಂಜಿನ್ನನ್ನೂ ಕೂಡಿಸಲಾಯಿತು. 1978ರ ಜನವರಿಯಲ್ಲಿ ಆಸ್ಟ್ರಿಯಾದ ಹಿಮಾವೃತ ಟುರಾಖ್ ಘಾಟಿಯ ಕಡಿದಾದ ಏರನ್ನು ಆ ಕಾರು ಬೇಸಿಗೆಯ ಟೈರುಗಳಲ್ಲೇ ಹತ್ತಿತು. ಎರಡು ವರ್ಷದ ನಂತರ, 1980ರ ಮಾರ್ಚ್‌ನಲ್ಲಿ, ಜಿನೀವಾ ಪ್ರದರ್ಶನದಲ್ಲಿ ಅದರ ಸಿದ್ಧರೂಪ ಔಡಿ ಕ್ವಾಟ್ರೊ ಅನಾವರಣಗೊಂಡಿತು. ಎಂಜಿನ್ನಿನ ಬಲ ಆಗ 200 ಅಶ್ವಶಕ್ತಿ.