ಏಸಾ ಗ್ರೇ ಅರಸಿದ ಹೂ

ಅಮೆರಿಕದ ಸಸ್ಯಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ಏಸಾ ಗ್ರೇ ಅಗ್ರಗಣ್ಯನು. ಈತನು 1810ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದನು. ತಂದೆಯದು ತೊಗಲನ್ನು ಹದಮಾಡುವ ಕಸುಬು. ಗ್ರೇ 1831ರಲ್ಲಿ ವೈದ್ಯ ಪದವಿಯನ್ನು ಪಡೆದನಾದರೂ ಅವನ ಮನಸ್ಸು ಸಸ್ಯಗಳ ಅಧ್ಯಯನದಲ್ಲಿಯೇ ನೆಟ್ಟಿತ್ತು. 1842ರಲ್ಲಿ ಅವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಇದಕ್ಕೆ ಮೂರು ವರ್ಷ ಮೊದಲು, 1839ರಲ್ಲಿ, ಗ್ರೇ ಪ್ಯಾರಿಸಿಗೆ ಹೋಗಿದ್ದನು. ಅಲ್ಲಿ ಫ್ರೆಂಚ್ ಸಸ್ಯಾನ್ವೇಷಕ ಮಿಷೋ ಎಂಬವನು ಸುಮಾರು 50 ವರ್ಷಗಳ ಹಿಂದೆ ಅಮೆರಿಕದಿಂದ ತಂದಿದ್ದ ಒಣ ಸಸ್ಯಗಳ ಸಂಗ್ರಹವನ್ನು ಪರಿಶೀಲಿಸುತ್ತಿರುವಾಗ, ಹೆಸರಿಲ್ಲದ ಒಂದು ಗಿಡವು ಅವನ ಕಣ್ಣಿಗೆ ಬಿದ್ದಿತು. ಅದರಲ್ಲಿ ಎಲೆಗಳೂ ಒಂದು ಕಾಯಿಯೂ ಇದ್ದುವು, ಹೂ ಇರಲಿಲ್ಲ. ಅದು ಕೆರೊಲಿನದ ಎತ್ತರದ ಪರ್ವತಗಳಲ್ಲಿ ದೊರೆತುದೆಂದು ಚೀಟಿಯು ತಿಳಿಸುತ್ತಿತ್ತು. ಇದೊಂದು ಹೊಸ ಕುಲವೆಂದು ಗ್ರೇ ಗುರುತಿಸಿದನು. ಕೆಂಟಕಿಯ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಷಾರ್ಟ್‌ನ ಗೌರವಾರ್ಥವಾಗಿ ಅದಕ್ಕೆ ಷಾರ್ಟಿಯಾ ಎಂದು ಹೆಸರಿಟ್ಟನು.

ಗ್ರೇ 1841ರಲ್ಲಿಯೂ 1843ರಲ್ಲಿಯೂ ಕೆರೊಲಿನದ ಪರ್ವತಗಳನ್ನು ಹತ್ತಿ ಹುಡುಕಿದನು. ಗಿಡವು ದೊರೆಯಲಿಲ್ಲ. ಇತರರ ಶ್ರಮವೂ ವ್ಯರ್ಥವಾಯಿತು. ತನ್ನ ಹೆಸರನ್ನು ಹೊತ್ತ ಹೂವನ್ನು ಕಾಣದೆಯೇ ಷಾರ್ಟ್ 1863ರಲ್ಲಿ ತೀರಿಕೊಂಡನು. ಅಂತಹ ಗಿಡವೇ ಇಲ್ಲವೆಂದು ಕೆಲವರು ಶಂಕಿಸಿದರು. ಗ್ರೇ ಮಾತ್ರ ನಂಬಿಕೆಯನ್ನು ಬಿಡಲಿಲ್ಲ.

1877ರ ವಸಂತದಲ್ಲಿ ಉತ್ತರ ಕೆರೊಲಿನದ ಕಟಾಬ ನದಿಯ ದಡದಲ್ಲಿ ಜಾರ್ಜ್ ಹಯಮ್ಸ್ ಎಂಬ ತರುಣನು ಅಪರಿಚಿತವಾದ ಗಿಡವೊಂದನ್ನು ಕಂಡನು. ಗಿಡಮೂಲಿಕೆಗಳ ವ್ಯವಹಾರ ಮಾಡುತ್ತಿದ್ದ ಅವನ ತಂದೆಗೂ ಅದರ ಗುರುತು ಹತ್ತಲಿಲ್ಲ. ಮರುವರ್ಷ ಅದರ ಮಾದರಿಯು ಗ್ರೇಯನ್ನು ತಲುಪಿತು. ಅದು ಷಾರ್ಟಿಯಾ! ಸುಮಾರು 40 ವರ್ಷಗಳ ನಿರೀಕ್ಷೆಯು ಫಲಿಸಿತು. ಹೊಳೆಯುವ ದುಂಡನೆಯ ಎಲೆಗಳ ನಡುವೆ, ಅಂಚು ಹರಿದಂತಿರುವ ಬಿಳಿಯ ಗಂಟೆಯಾಕಾರದ ಹೂ ಅದು. ಪರ್ವತಶಿಖರಗಳಲ್ಲಿ ಅಲ್ಲ, ತಪ್ಪಲಿನ ತಂಪಾದ ತೊರೆಗಳ ದಡದಲ್ಲಿ ಅದು ಬೆಳೆಯುತ್ತಿತ್ತು. ಚೀಟಿಯ ಮಾತನ್ನು ನಂಬಿ ಎಲ್ಲರೂ ಮೇಲೆ ಮೇಲೆ ಹುಡುಕಿದ್ದರು. 1879ರಲ್ಲಿ ಗ್ರೇ ಸ್ವತಃ ಹೋಗಿ ಆ ಗಿಡವನ್ನು ಅದರ ನೆಲೆಯಲ್ಲಿಯೇ ಕಂಡನು.

ಷಾರ್ಟಿಯಾದ ಹತ್ತಿರದ ಬಂಧುಗಳು ಇರುವುದು ದೂರದ ಜಪಾನಿನಲ್ಲಿ. ಈ ಎರಡು ದೇಶಗಳ ಸಸ್ಯಗಳಲ್ಲಿ ಇಂತಹ ಹೋಲಿಕೆ ಬಹಳವಾಗಿರುವುದನ್ನು ಗ್ರೇ 1859ರಲ್ಲಿಯೇ ವಿವರಿಸಿದ್ದನು. ಅವುಗಳ ಪೂರ್ವಜರು ಹಿಂದೆ ಉತ್ತರದ ಭೂಭಾಗಗಳಲ್ಲಿ ಒಟ್ಟಾಗಿ ಹರಡಿದ್ದು, ಮುಂದೆ ಹಿಮಯುಗದ ಚಳಿಯಿಂದ ಬೇರ್ಪಟ್ಟವೆಂಬುದು ಅವನ ಅಭಿಪ್ರಾಯ. ಈ ವಿಚಾರವು ಡಾರ್ವಿನ್ನನ ವಾದಕ್ಕೆ ಬಲವನ್ನು ನೀಡಿತು.

ಗ್ರೇ 1888ರಲ್ಲಿ ನಿಧನನಾದನು. ಮುಂದೆ 1973ರಲ್ಲಿ ದಕ್ಷಿಣ ಕೆರೊಲಿನದ ಜೊಕಾಸಿ ಕಣಿವೆಗೆ ಅಣೆಕಟ್ಟು ಬಂದು, ಈ ಹೂವಿನ ನೆಲೆಗಳಲ್ಲಿ ಬಹುಭಾಗ ನೀರಿನಲ್ಲಿ ಮುಳುಗಿತು. ಉಳಿದ ಗಿಡಗಳು ಅದೇ ಕಿರಿದಾದ ಪ್ರದೇಶದ ತೊರೆಗಳ ಬಳಿ ಇಂದಿಗೂ ವಸಂತದಲ್ಲಿ ಅರಳುತ್ತವೆ. ಹುಡುಕಲು ಒಂದು ಆಯುಷ್ಯವೇ ಬೇಕಾದುದನ್ನು ಕಳೆದುಕೊಳ್ಳಲು ಕೆಲವೇ ವರ್ಷಗಳು ಸಾಕೆಂಬುದನ್ನು ಅವು ನಮಗೆ ನೆನಪಿಸುತ್ತವೆ.