ಕುಮಾರಿ ಕಾರ್ನೀಲಿಯಾ ಸೊರಾಬ್ಜಿಯವರೂ ಅವರ ವಕೀಲಿ ಸನ್ನದೂ

ರಾಯಚೂರು, ದೇವದುರ್ಗ, ಮಾನವಿಗಳ ಕಡೆಯ ಹೆಣ್ಣುಮಕ್ಕಳು ನ್ಯಾಯಶಾಸ್ತ್ರವನ್ನು ಓದಿ ವಕೀಲರಾಗುವುದು ಈಗ ಅಪೂರ್ವವಾದ ಸಂಗತಿಯಲ್ಲ. ಪದವಿಯನ್ನು ಪಡೆದು, ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರನ್ನು ಬರೆಯಿಸಿ, 2011ರಿಂದ ನಡೆದುಬಂದಿರುವ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರೆ ಗಂಡು ಹೆಣ್ಣೆಂಬ ಭೇದವಿಲ್ಲದೆ ವಾದಿಸುವ ಅಧಿಕಾರವು ದೊರೆಯುತ್ತದೆ. ಆ ಪರೀಕ್ಷೆಗಾಗಿ ಮಗಳು ನಿದ್ದೆಗೆಟ್ಟು ಓದುವುದನ್ನು ಕಂಡು ಮರುಗುವ ತಾಯಂದಿರೂ, ಓದಿ ಓದಿ ಬೇಸತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮೂರು ಕಡೆ ಪರೀಕ್ಷೆ ಕೊಟ್ಟು ಮೂರರಲ್ಲಿಯೂ ಗೆದ್ದು, ಆದರೂ ಸನ್ನದಿಗಾಗಿ ಇಪ್ಪತ್ತೆರಡು ವರ್ಷ ಕಾದಿದ್ದ ಒಬ್ಬ ಮಹಿಳೆಯ ಚರಿತ್ರೆಯನ್ನು ಅರಿತಿರುವುದು ಒಳ್ಳೆಯದು.

ಕಾರ್ನೀಲಿಯಾ ಸೊರಾಬ್ಜಿಯವರು 1866ನೆಯ ಇಸವಿ ನವೆಂಬರ್ 15ರಂದು ನಾಸಿಕದಲ್ಲಿ ಜನಿಸಿದರು. ತಂದೆ ರೆವರೆಂಡ್ ಸೊರಾಬ್ಜಿ ಖರ್ಸೇಟ್‌ಜಿಯವರು ಪಾರ್ಸಿ ಕುಲದಲ್ಲಿ ಹುಟ್ಟಿ ಕ್ರೈಸ್ತರಾಗಿ ಮಿಶನ್ ಸೇವೆಗೆ ನಿಂತವರು. ತಾಯಿ ಫ್ರಾನ್ಸಿನಾ ಅಮ್ಮನವರು ಪುಣೆಯಲ್ಲಿ ವಿಕ್ಟೋರಿಯಾ ಹೈಸ್ಕೂಲನ್ನು ಸ್ಥಾಪಿಸಿ ಎಲ್ಲ ಮತದ ಮಕ್ಕಳಿಗೂ ಅದರ ಬಾಗಿಲನ್ನು ತೆರೆದವರು. ಕಾರ್ನೀಲಿಯಾರ ಬಾಲ್ಯದ ಮೊದಲ ವರ್ಷಗಳು ಕಳೆದುದು ನಮ್ಮ ಬೆಳಗಾವಿಯಲ್ಲಿ. ಕನ್ನಡ ನಾಡಿನವರಿಗೆ ಈ ಸಂಗತಿಯು ಅಷ್ಟಾಗಿ ತಿಳಿಯದು.

ಅವರ ಮನಸ್ಸು ನ್ಯಾಯಶಾಸ್ತ್ರದ ಕಡೆಗೆ ತಿರುಗಿದುದು ಎಳೆತನದಲ್ಲಿಯೇ. ಗೋಷಾದಲ್ಲಿದ್ದ ಒಬ್ಬ ಸಿರಿವಂತ ವಿಧವೆಯು, ತನ್ನ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಕಾರಭಾರಿಯಿಂದಲೇ ವಂಚಿತಳಾಗಿ, ದಾರಿ ಕಾಣದೆ ತಾಯಿಯ ಬಳಿಗೆ ಬಂದಿದ್ದಳು. ಪರಪುರುಷನ ಮುಖವನ್ನು ನೋಡಲಾಗದ ಆಕೆ ವಕೀಲನೊಡನೆ ಮಾತಾಡುವುದಾದರೂ ಎಂತು? ಅಂಥವರಿಗೆ ನೆರವಾಗಬೇಕಾದರೆ ಕಾನೂನನ್ನು ಕಲಿಯಬೇಕೆಂದು ತಾಯಿ ಮಗಳಿಗೆ ತಿಳಿಸಿಕೊಟ್ಟರು. ನಿಜಾಮರ ಆಳಿಕೆಯನ್ನು ಕಂಡ ನಮ್ಮ ಸೀಮೆಯಲ್ಲಿ ಗೋಷಾ ಎಂದರೇನೆಂದು ವಿವರಿಸಬೇಕಾದುದಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಓದಿ, ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯರಲ್ಲಿ ಅವರು ಮೊದಲಿಗರಾದರು. ದೊರೆತುದು ಪ್ರಥಮ ದರ್ಜೆ. ಅಷ್ಟು ಅಂಕ ಗಳಿಸಿದವರಿಗೆ ವಿಲಾಯಿತಿಗೆ ಹೋಗಲು ಸರಕಾರದ ವಿದ್ಯಾರ್ಥಿವೇತನವು ಸಲ್ಲತಕ್ಕದ್ದಾಗಿತ್ತು. ಹೆಣ್ಣೆಂಬ ಕಾರಣದಿಂದ ಅವರಿಗೆ ಸಲ್ಲಲಿಲ್ಲ. ಕೆಲಕಾಲ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಗಂಡುಮಕ್ಕಳಿಗೆ ಪಾಠ ಹೇಳಿದರು. ಬಳಿಕ ಲೇಡಿ ಹಾಬ್‌ಹೌಸ್, ಫ್ಲಾರೆನ್ಸ್ ನೈಟಿಂಗೇಲ್, ಸರ್ ವಿಲಿಯಂ ವೆಡರ್‌ಬರ್ನ್ ಮೊದಲಾದವರು ಕೂಡಿಸಿಕೊಟ್ಟ ಹಣದಿಂದ 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ವಿದ್ಯಾಲಯವನ್ನು ಸೇರಿದರು.

ಅಲ್ಲಿ ಅವರು ಆರಿಸಿಕೊಂಡ ಬಿ.ಸಿ.ಎಲ್. ಪರೀಕ್ಷೆಯು ಪುರುಷರಿಗೂ ಕಠಿಣವಾದುದು. ರೋಮನ್ ನ್ಯಾಯದ ಮೂಲಗ್ರಂಥಗಳು ಲ್ಯಾಟಿನ್ ಭಾಷೆಯವು. ಅದರೊಡನೆ ಇಂಗ್ಲಿಷ್ ನ್ಯಾಯ, ನ್ಯಾಯತತ್ತ್ವ, ಅಂತರರಾಷ್ಟ್ರೀಯ ನ್ಯಾಯ. ಡೈಸಿ, ಪೊಲಾಕ್, ಕಲಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಮಾರ್ಕ್‌ಬಿ ಇಂಥ ಪಂಡಿತರ ಪಾಠಗಳು ಅವರಿಗೆ ದೊರೆತವು. ಆಲ್ ಸೋಲ್ಸ್ ವಿದ್ಯಾಲಯದ ಮುಖ್ಯಸ್ಥರಾದ ಸರ್ ವಿಲಿಯಂ ಆನ್ಸನ್ನರು ಅಲ್ಲಿಯ ಕಾಡ್ರಿಂಗ್‌ಟನ್ ಗ್ರಂಥಾಲಯದಲ್ಲಿ ಓದಲು ಅನುಮತಿಯನ್ನಿತ್ತರು. ಅಲ್ಲಿ ಕುಳಿತು ಓದಿದ ಮೊದಲ ಸ್ತ್ರೀಯು ಅವರೇ. ಪರೀಕ್ಷೆಯ ದಿನಗಳು ಸಮೀಪಿಸಿದಾಗ ಬೇರೊಂದು ತೊಡಕು ಬಂದಿತು. ಹೆಣ್ಣನ್ನು ಪುರುಷರೊಡನೆ ಪರೀಕ್ಷಿಸಲು ಆಕ್ಷೇಪಣೆ ಹುಟ್ಟಿ, ಆಕೆ ಪ್ರತ್ಯೇಕವಾಗಿ ಬರೆಯಲೆಂಬ ಮಾತು ನಡೆಯಿತು. ಅವರು ಒಪ್ಪಲಿಲ್ಲ. ಬೇರೆ ಕೊಠಡಿಯಲ್ಲಿ ಬರೆದ ಪರೀಕ್ಷೆಗೆ ಸ್ವದೇಶದಲ್ಲಿ ಬೆಲೆ ಬಾರದೆಂಬುದನ್ನು ಅವರು ಅರಿತಿದ್ದರು. ಕಡೆಗೆ ವಿಶ್ವವಿದ್ಯಾಲಯವು ವಿಶೇಷ ನಿರ್ಣಯ ಮಾಡಿ ಅನುಮತಿ ಕೊಟ್ಟಿತು. 1892ರಲ್ಲಿ ಅವರು ಆ ಪರೀಕ್ಷೆಯನ್ನು ಬರೆದ ಪ್ರಥಮ ಮಹಿಳೆಯಾದರು. ಬಂದುದು ಮೂರನೆಯ ದರ್ಜೆ. ಸ್ತುತಿಸಬೇಕೆಂಬ ಆತುರದಲ್ಲಿ ಈ ದರ್ಜೆಯ ಮಾತನ್ನು ಮರೆಸುವವರುಂಟು. ಅದು ತಕ್ಕುದಲ್ಲ. ಪುಣೆಯಲ್ಲಿ ಎಲ್ಲರಿಗಿಂತ ಮುಂದಿದ್ದವರು ಇಲ್ಲಿ ಹಿಂದೆ ಬಿದ್ದರು. ಆದರೂ ಓದನ್ನು ಬಿಡಲಿಲ್ಲ. ಪದವಿಪತ್ರವಂತೂ ಕೈಗೆ ಬರಲಿಲ್ಲ, ಏಕೆಂದರೆ ಆಗ ಆಕ್ಸ್‌ಫರ್ಡು ಸ್ತ್ರೀಯರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ.

ಲಂಡನ್ನಿನ ಒಂದು ಸಾಲಿಸಿಟರ್ ಕಚೇರಿಯಲ್ಲಿ ಕೆಲಸ ಕಲಿತು ಹಿಂದಿರುಗಿದಾಗ ಇಲ್ಲಿ ಅವರಿಗೆ ಸನ್ನದಿಲ್ಲ. ಆಕ್ಸ್‌ಫರ್ಡಿನಲ್ಲಿ ಕಲಿತುದೆಲ್ಲ ಇಲ್ಲಿ ಸಾಲದು. ಇಲ್ಲಿಯ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದುದು 1860ರ ದಂಡ ಸಂಹಿತೆ, 1872ರ ಸಾಕ್ಷ್ಯದ ಹಾಗೂ ಕರಾರಿನ ಕಾಯಿದೆಗಳು, 1882ರ ಸ್ವತ್ತಿನ ವರ್ಗಾವಣೆಯ ಕಾಯಿದೆ, ಹಿಂದೂ ಮತ್ತು ಮಹಮ್ಮದೀಯ ಧರ್ಮಶಾಸ್ತ್ರಗಳು. ವಿಲಾಯಿತಿಯಲ್ಲಿ ಓದಿಬಂದವರು ಮತ್ತೆ ವಿದ್ಯಾರ್ಥಿನಿಯಾಗಿ ಪುಸ್ತಕ ಹಿಡಿದರು. 1897ರಲ್ಲಿ ಮುಂಬಯಿಯ ಎಲ್‌ಎಲ್.ಬಿ. ಪರೀಕ್ಷೆಯಲ್ಲಿ ತೇರ್ಗಡೆಯಾದರು. 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಆಗ ಅವರ ವಯಸ್ಸು ಮೂವತ್ತೆರಡು. ಪರೀಕ್ಷೆಯನ್ನು ನಡೆಸಿದ ಹೈಕೋರ್ಟೇ ಅವರ ಹೆಸರನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ. (ಒಮ್ಮೆ ಕಲಿತ ಕಾನೂನು ಕೊನೆಯವರೆಗೆ ಸಾಕಾಗದೆಂಬುದು ಈಗಿನವರಿಗೂ ಗೊತ್ತು: 2024ನೆಯ ಜುಲೈ 1ರಿಂದ ಆ ಹಳೆಯ ದಂಡ ಸಂಹಿತೆಯೂ ಸಾಕ್ಷ್ಯದ ಕಾಯಿದೆಯೂ ಹೋಗಿ ಹೊಸವು ಬಂದಿವೆ. ಹಳೆಯ ಕಲಮುಗಳನ್ನು ಬಾಯಿಪಾಠ ಮಾಡಿದ್ದ ನಮ್ಮ ಹುಡುಗಿಯರು ಮೊದಲಿನಿಂದ ತೊಡಗಬೇಕಾಯಿತು.)

ಇನ್ನು ಅವರು ಸುಮ್ಮನೆ ಕುಳಿತಿರಬಹುದಾಗಿತ್ತು. ಬದಲಾಗಿ, ಗೋಷಾ ಸ್ತ್ರೀಯರ ಆಸ್ತಿಯ ವಿಷಯದಲ್ಲಿ ಸಲಹೆ ಕೊಡಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂದು ಸರಕಾರಕ್ಕೆ ಬರೆದರು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಅವರನ್ನು ನೇಮಿಸಿತು. ಮುಂದೆ ಬಿಹಾರ, ಒರಿಸ್ಸಾ, ಅಸ್ಸಾಮುಗಳೂ ಅವರ ಕಾರ್ಯಕ್ಷೇತ್ರಕ್ಕೆ ಸೇರಿದವು. ರೈಲಿನಲ್ಲಿಯೂ ಪಲ್ಲಕ್ಕಿಯಲ್ಲಿಯೂ ಪ್ರಯಾಣ ಮಾಡಿ, ಅಂತಃಪುರಗಳ ಒಳಗೆ ಕುಳಿತು ವಿಧವೆಯರ ಮತ್ತು ಅನಾಥ ಮಕ್ಕಳ ಅಹವಾಲನ್ನು ಕೇಳಿ, ಆಸ್ತಿಯ ಲೆಕ್ಕವನ್ನು ಬಿಡಿಸಿ, ಮಕ್ಕಳ ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿಸಿದರು. ಹೀಗೆ ನೆರವು ಪಡೆದವರು 600ಕ್ಕೂ ಹೆಚ್ಚು. 1909ರಲ್ಲಿ ಕೈಸರ್-ಇ-ಹಿಂದ್ ಸುವರ್ಣ ಪದಕವು ಬಂದಿತು. ಪರೀಕ್ಷೆಗಾಗಿ ಓದಿದ ಆಸ್ತಿ ಕಾನೂನು, ಸನ್ನದಿಲ್ಲದಿದ್ದರೂ, ಎಳೆತನದಲ್ಲಿ ಕಂಡ ಆ ವಿಧವೆಯಂಥವರ ಕೆಲಸಕ್ಕೇ ಒದಗಿತು.

ಈ ನಡುವೆ ಇತರರೂ ಬಾಗಿಲು ತಟ್ಟಿದರು. 1916ರಲ್ಲಿ ರೆಜಿನಾ ಗುಹಾ ಅವರ ಅರ್ಜಿಯನ್ನು ಕಲಕತ್ತೆಯ ಹೈಕೋರ್ಟು, 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನು ಪಾಟ್ನಾ ಹೈಕೋರ್ಟು ತಳ್ಳಿಹಾಕಿದವು. ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟು ಮಾತ್ರ ಮನಸ್ಸು ಬದಲಿಸಿ ಕಾರ್ನೀಲಿಯಾರ ಹೆಸರನ್ನು ವಕೀಲರ ಪಟ್ಟಿಯಲ್ಲಿ ಬರೆಯಿತು. 1923ರ ಕಾಯಿದೆಯು ಸ್ತ್ರೀಯೆಂಬ ಕಾರಣದಿಂದ ಯಾರನ್ನೂ ವಕೀಲಿಯಿಂದ ದೂರವಿಡಕೂಡದೆಂದು ಇಡೀ ಬ್ರಿಟಿಷ್ ಹಿಂದುಸ್ಥಾನಕ್ಕೆ ವಿಧಿಸಿತು. ಆಕ್ಸ್‌ಫರ್ಡು 1892ರ ಪರೀಕ್ಷೆಯ ಪದವಿಯನ್ನು 1922ರಲ್ಲಿ ಕೊಟ್ಟಿತು. ಲಂಡನ್ನಿನ ಲಿಂಕನ್ಸ್ ಇನ್‌ನಿಂದ ಅವರು ಬ್ಯಾರಿಸ್ಟರೂ ಆದರು.

ಅವರ ರಾಜಕೀಯ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾದುದಿಲ್ಲ. ಸ್ವಾತಂತ್ರ್ಯ ಚಳವಳಿಯನ್ನು ಅವರು ವಿರೋಧಿಸಿದರು. 1927ರಲ್ಲಿ ನಮ್ಮ ದೇಶವನ್ನು ಹಳಿದು ಪುಸ್ತಕ ಬರೆದ ಕ್ಯಾಥರಿನ್ ಮೇಯೋ ಅವರ ಪಕ್ಷವನ್ನು ಹಿಡಿದರು. ಇದರಿಂದ ಅನೇಕ ಸ್ನೇಹಿತರನ್ನು ಕಳೆದುಕೊಂಡರು.

1924ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಅವರು ಕಲಕತ್ತೆಯಲ್ಲಿ ವಕೀಲಿಯನ್ನು ಆರಂಭಿಸಿದರು. ಅವರ ಬಳಿಗೆ ಬಂದುದು ಹೆಚ್ಚಾಗಿ ಅಭಿಪ್ರಾಯ ಬರೆದುಕೊಡುವ ಕೆಲಸ. ನ್ಯಾಯಾಧೀಶರ ಮುಂದೆ ನಿಂತು ವಾದಿಸುವ ಸಂದರ್ಭಗಳು ಕಡಮೆ. 1929ರಲ್ಲಿ ನಿವೃತ್ತರಾಗಿ, ಮುಂದೆ ಲಂಡನ್ನಿನಲ್ಲಿ ನೆಲೆಸಿ, 1934ರಲ್ಲಿ ಆತ್ಮಚರಿತ್ರೆಯನ್ನು ಪ್ರಕಟಿಸಿದರು. 1954ರ ಜುಲೈ 6ರಂದು ಅಲ್ಲಿಯೇ ತೀರಿಕೊಂಡರು. 2012ರಲ್ಲಿ ಲಿಂಕನ್ಸ್ ಇನ್‌ನಲ್ಲಿ ಅವರ ಪ್ರತಿಮೆಯನ್ನು ಇರಿಸಲಾಯಿತು.